ಕೆಂಚಣ್ಣನಿಗೆ ನೀನೇ ಬಂದು ಹೇಳು

ಕೊಳವಳ್ಳಿ,
ನವೆಂಬರ್, ಸೋಮವಾರ ಬೆಳಿಗ್ಗೆ

ತಮ್ಮ ಅರಿಹಂತನಿಗೆ,

ಜಯ ಜಿನೇಂದ್ರ ಎಂದು ಶುರುಮಾಡಬೇಕು. ಕೈ ಬರುತ್ತಿಲ್ಲ, ಬಿಡು. ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಈಗ ಫೋನಿನಲ್ಲಿ ನಿನ್ನ ದನಿ ಕೇಳಿದರೆ ಮೈ ಉರಿಯುತ್ತದೆ. ನೀನೋ, ನಿನ್ನ ಯಂತ್ರವೋ ಎಂದು ಮೊದಲು ವಿಚಾರಿಸಬೇಕು. ಒಡಹುಟ್ಟಿದವನನ್ನು ಹಾಗೆ ವಿಚಾರಿಸುವ ಗತಿ ತಂದಿಟ್ಟೆಯಲ್ಲ, ಅದಕ್ಕೇ ಈ ಕಾಗದ.

ಕೋಳಿಕ್ಕೋಡಿನಲ್ಲಿ ಕಂಪನಿ ತೆರೆದೆ, ಫೋನಿಗೆ ಉತ್ತರ ಕೊಡುವ ಯಂತ್ರ ಮಾಡಿದೆ. ಆನೆ ನುಗ್ಗದಂತೆ ನಮ್ಮ ಗದ್ದೆಗೆ ಸೋಲಾರ್ ಬೇಲಿ ಹಾಕಿದ ಕಂಪನಿಯವರೇ ಅದನ್ನು ಮೊದಲು ತೆಗೆದುಕೊಂಡರು. ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನೇ. ಅವರ ಮೀನಂಗಡಿ ಆಫೀಸಿನಲ್ಲಿ ಆರು ವರ್ಷ ದೂರಿನ ಫೋನ್ ಎತ್ತುತ್ತಿದ್ದ ಶಾರದಳ ಕೆಲಸ ಹೋಯಿತೆಂದು ಗೊತ್ತಾದಾಗಲೂ ಬಾಯಿ ಬಿಡಲಿಲ್ಲ. ಆ ತಪ್ಪು ನನ್ನದು, ಒಪ್ಪುತ್ತೇನೆ.

ವಿಷುವಿಗೆ ಬಂದಾಗ ನಮ್ಮ ಗದ್ದೆ ಕಾಯುವ ಕೆಂಚಣ್ಣನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಮೂರು ದಿನ ಅವನ ಮಾತು ರೆಕಾರ್ಡ್ ಮಾಡಿದೆ. "ಕಾಡಿನವರ ಮಾತೂ ನಮ್ಮ ಯಂತ್ರಕ್ಕೆ ಬರಬೇಕು ಅಕ್ಕಾ" ಅಂದೆ. ನಡುಹಗಲಲ್ಲಿ ಎಲೆಯಡಿಕೆ ಜಗಿಯುತ್ತಾ ಅವನು ಆನೆ, ಆನೆ ಎಂದು ನೂರು ಸಲ ಹೇಳಿದ. ನಿನಗೆ ಖುಷಿಯೋ ಖುಷಿ. ಯಂತ್ರಕ್ಕೆ ನಿನ್ನದೇ ದನಿ ಕೊಟ್ಟೆ. ಹೊರಡುವಾಗ ಅವನ ಹೆಗಲು ತಟ್ಟಿ, "ಬೇಲಿ ಕೆಟ್ಟರೆ ಈ ನಂಬರಿಗೆ ಮಾಡು ಕೆಂಚಣ್ಣಾ, ನಾನೇ ಎತ್ತೋದು" ಎಂದು ನಕ್ಕೆ. ನಿನಗದು ತಮಾಷೆ. ಇಂದಿಗೂ ನಿನ್ನನ್ನು ಮಗನೇ ಅನ್ನುವ ಹಾಗೆ ಮೋನೇ ಎಂದೇ ಕರೆಯುವ, ಹೆಗಲ ಮೇಲೆ ಕೂರಿಸಿ ಹೊಳೆ ದಾಟಿಸಿದ ಆ ಮನುಷ್ಯನಿಗೆ ಅದು ನೀನು ಕೊಟ್ಟ ಮಾತು.

ಕಳೆದ ಮಂಗಳವಾರ ಹೊಳೆ ಕಡೆಯ ಬೇಲಿಯ ಮೇಲೆ ಬಿದಿರು ಬಿದ್ದು ಕರೆಂಟು ಹೋಯಿತು. ಹೊತ್ತು ಮುಳುಗುವ ಮೊದಲಿನ ಊಟಕ್ಕೆ ನಾನು ಕೂತಿದ್ದೆ, ಕೆಂಚಣ್ಣ ಕಾವಲಿನ ಅಟ್ಟಣೆಯ ಮೇಲಿದ್ದ. ನನಗೆ ಫೋನ್ ಮಾಡಲಿಲ್ಲ. ನೀನೇ ಎತ್ತುತ್ತೀಯಲ್ಲ, ನಾನ್ಯಾಕೆ? ಅವನ ಫೋನಿನಲ್ಲಿ ರೆಕಾರ್ಡಾಗಿ ಉಳಿದಿರುವ ಆ ಕರೆಯನ್ನು ನಾಲ್ಕು ಸಲ ಕೇಳಿದ್ದೇನೆ. "ಮೋನೇ, ಹೊಳೆ ತಾವ ಬೇಲಿ ಬಿದ್ದೋಗದೆ. ಅವ್ರು ಬಂದು ನಿಂತವ್ರೆ. ಬೇಗ ಆಳು ಕಳ್ಸು." ನಿನ್ನ ದನಿ ಎಷ್ಟು ವಿನಯದಿಂದ ಕೇಳುತ್ತದೆ ಗೊತ್ತೇ? "ಯಾವ ಪ್ರಾಣಿ ಎಂದು ದಯವಿಟ್ಟು ಹೇಳಿ."

ಹೊತ್ತು ಕಂತುವಾಗ ಕೆಂಚಣ್ಣನ ಜನ ಆನೆಯ ಹೆಸರು ಎತ್ತುವುದಿಲ್ಲ. ಎತ್ತಿದರೆ ಕರೆದ ಹಾಗೆ. ಇದು ನಿನಗೆ ಗೊತ್ತಿರಲಿಲ್ಲವೇ? ಏಳು ವರ್ಷದವನಿದ್ದಾಗ ಸಂಜೆ ಗದ್ದೆಯ ಬದುವಿನಲ್ಲಿ ನೀನು ಆ ಹೆಸರು ಕೂಗಿದಾಗ ಅವನು ಅಂಗೈಯಿಂದ ನಿನ್ನ ಬಾಯಿ ಮುಚ್ಚಿರಲಿಲ್ಲವೇ? ಶಾರದ ಎಂದೂ ಹೆಸರು ಕೇಳಿದವಳಲ್ಲ. ಅವನ ದನಿ ಕೇಳಿದರೆ ಸಾಕು, ಪುಲ್ಪಳ್ಳಿಯಲ್ಲಿರುವ ಕಂಪನಿಯ ಆಳು ಜಯನ್‌ಗೆ ಹೇಳಿ ಜೀಪು ಹೊರಡಿಸುತ್ತಿದ್ದಳು.

ನಿನ್ನ ಯಂತ್ರ ಮೂರು ಸಲ ಕೇಳಿತು. ಮೂರನೇ ಸಲ ಕೆಂಚಣ್ಣ ಪಿಸುಗುಟ್ಟುತ್ತಾನೆ: "ನಿಂಗೆ ಗೊತ್ತಲ್ಲ ಮೋನೇ. ಈ ಹೊತ್ನಾಗೆ ಹೆಂಗೆ ಹೇಳ್ಲಿ?" ಆಗ ನಿನ್ನ ದನಿ, "ನಿಮ್ಮ ದೂರು ದಾಖಲಾಗಿದೆ. ನಮ್ಮ ಸಿಬ್ಬಂದಿ ಬರುತ್ತಾರೆ. ಧನ್ಯವಾದ" ಅನ್ನುತ್ತದೆ. ಪ್ರಾಣಿಯ ಹೆಸರಿಲ್ಲದ ದೂರು ಸಾಧಾರಣ ದುರಸ್ತಿಯಂತೆ, ಎರಡು ದಿನದೊಳಗೆ ಬಂದರೆ ಸಾಕಂತೆ. ಅದನ್ನು ಅವನಿಗೆ ಯಾರು ಹೇಳಿದ್ದರು? ಆಳು ಬರುತ್ತಾನೆ ಎಂದು ನೀನು ಅಂದೆ, ಅವನು ನಂಬಿದ. ಜೀಪಿಗೆ ಗೇಟು ತೆಗೆಯಲೆಂದು, ಯಾವಾಗಲೂ ಮಾಡುವ ಹಾಗೆ ಅಟ್ಟಣೆಯಿಂದ ಇಳಿದು ಹೋಗಿ ಅರ್ಧ ಗಂಟೆ ಕಾದ. ಜೀಪು ಬರಲಿಲ್ಲ. ಅವರು ಬಂದರು.

ಸೊಂಟದ ಮೂಳೆ ಪುಡಿಯಾಗಿದೆ. ಇನ್ನು ನಡೆಯುವುದು ಅನುಮಾನ ಎಂದು ಡಾಕ್ಟರು ಹೇಳಿದ್ದಾರೆ. ಮರುದಿನ ಆಸ್ಪತ್ರೆಯಲ್ಲಿ ಅವನ ತಲೆದಿಂಬಿನ ಪಕ್ಕದ ಫೋನಿಗೆ ಮೆಸೇಜು ಬಂತು: ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ? ನಾಚಿಕೆಯಾಗಬೇಕು ನಿಮಗೆ. ಗುರುವಾರ ಬೇಲಿ ಕಂಪನಿಯ ಅಜೀಶ್ ಎಂಬವನು ಇಕ್ಕಳ ಹಿಡಿದು ಬಂದು ತಂತಿ ಬಿಗಿದು ಹೋದ.

ನಿನಗೆ ತಿಳಿಸಿದರೆ ಏನಂದೆ? "ಛೆ, ಪಾಪ. ಆ ಪದ ಯಂತ್ರಕ್ಕೆ ಸೇರಿಸ್ತೀವಿ ಅಕ್ಕಾ, ಇನ್ಮೇಲೆ ಹೀಗಾಗಲ್ಲ." ಯಾವ ಪದ ಸೇರಿಸುತ್ತೀಯೋ? ಒಂದು ಸಂಜೆ "ಅವ್ರು" ಅನ್ನುತ್ತಾನೆ, ಇನ್ನೊಂದು ಸಂಜೆ ಏನೂ ಅನ್ನದೆ ಉಸಿರು ಬಿಗಿಹಿಡಿಯುತ್ತಾನೆ. ಶಾರದಳಿಗೆ ಅದೂ ಅರ್ಥವಾಗುತ್ತಿತ್ತು. ಅವಳೀಗ ಬೇಕರಿಯಲ್ಲಿ ಬನ್ನು ಕಟ್ಟಿಕೊಡುತ್ತಿದ್ದಾಳೆ.

ನಿನ್ನೆ ಕೆಂಚಣ್ಣನ ಹೆಂಡತಿ ವೆಳ್ಳಚ್ಚಿ ಅವನಿಗೆ ಗಂಜಿ ಕುಡಿಸುತ್ತಿದ್ದಳು. "ಬತ್ತೀವಿ ಅಂದೋರು ಯಾಕೆ ಬರ್ನಿಲ್ಲ?" ಎಂದು ಗೊಣಗಿದಳು. ಆ ನೋವಿನಲ್ಲೂ ಅವನು ಅವಳ ಮೇಲೆ ರೇಗಿದ. "ಸುಮ್ಕಿರು. ಮೋನು ಕಳ್ಸಿರ್ತದೆ. ಜೀಪು ಎಲ್ಲೋ ಕೆಟ್ಟು ನಿಂತಿರ್ತದೆ." ಆಮೇಲೆ ನನ್ನ ಕಡೆ ತಿರುಗಿ, "ಮೋನುನ ಬಯ್ಬೇಡಿ ಅಕ್ಕಾವ್ರೇ" ಅಂದ.

ಅದು ನೀನಲ್ಲ, ಯಂತ್ರ ಎಂದು ನಾನು ಹೇಳಲಿಲ್ಲ. ಹೇಳುವುದೂ ಇಲ್ಲ. ನೀನು ಬಾ. ಆ ಮಂಚದ ಪಕ್ಕ ಕೂತು, ಅವನ ಮುಖ ನೋಡಿ, "ಆವತ್ತು ಎತ್ತಿದ್ದು ನಾನಲ್ಲ ಕೆಂಚಣ್ಣಾ" ಎಂದು ಹೇಳು. ಹೇಳಲು ಆಗುತ್ತದೆಯೋ ನೋಡು. ಫೋನಿನಲ್ಲಿ ಮಾತ್ರ ಹೇಳಬೇಡ.

ನಿನ್ನ ದನಿ ಇನ್ನಾದರೂ ನಿನ್ನ ಬಾಯಲ್ಲೇ ಇರಲಿ. ಇವತ್ತು ನಾನು ಕೊಡಬಹುದಾದ ಆಶೀರ್ವಾದ ಇಷ್ಟೇ.

ಆಸ್ಪತ್ರೆಯ ಬಾಗಿಲಲ್ಲಿ ನಿನ್ನ ದಾರಿ ಕಾಯುವ,
ಅಕ್ಕ ಕಮಲಾವತಿ