ಎದುರು ಪಾಳಿಯಲ್ಲಿ ನಿಂತವಳನ್ನು ಹೊರಹಾಕುವ ಮುನ್ನ

ಮಾನ್ಯರೇ,

'ಸಂಗಾತಿ' ಎಂದೇ ಬರೆಯಬೇಕಿತ್ತು. ಶಿಸ್ತು ಸಮಿತಿಯ ಅಧ್ಯಕ್ಷರನ್ನು ಹಾಗೆ ಕರೆಯುವ ಸಲುಗೆ ನನಗಿನ್ನೂ ಉಳಿದಿದೆಯೋ ಇಲ್ಲವೋ ತಿಳಿಯದು, ಆದ್ದರಿಂದ ಸದ್ಯಕ್ಕೆ 'ಮಾನ್ಯರೇ' ಇರಲಿ. ಬರುವ ಭಾನುವಾರದ ಮಹಾಸಭೆಯಲ್ಲಿ ನೀವು ನನ್ನ ಅಕ್ಕನನ್ನು ಪಕ್ಷದಿಂದ ಉಚ್ಚಾಟಿಸುವ ನಿರ್ಣಯ ಮಂಡಿಸಲಿದ್ದೀರಿ. ಅವಳ ಅಪರಾಧ ಇಷ್ಟೇ: ತನ್ನ ಸರದಿಗೆ ಬಂದ ಕೆಲಸವನ್ನು ಚೆನ್ನಾಗಿ ಮಾಡಿದಳು. ಈ ಪತ್ರವನ್ನು ಮೊದಲು ನಮ್ಮದೇ ವಾರಪತ್ರಿಕೆಗೆ ಕಳಿಸಿದ್ದೆ. ಸ್ಥಳಾವಕಾಶದ ಅಭಾವವೆಂದು ಉತ್ತರ ಬಂತು. ಆ ಸಂಚಿಕೆಯ ತುಂಬ ತಮ್ಮ ಭಾಷಣವೇ ಇದ್ದುದರಿಂದ ಅಭಾವದ ಕಾರಣ ಹುಡುಕಲು ಕಷ್ಟವಾಗಲಿಲ್ಲ. ಹೊರಗಿನ ಪತ್ರಿಕೆಗೆ ಕೊಟ್ಟು ಮನೆಯ ಮಾತನ್ನು ಬೀದಿಗೆ ತಂದೆ ಎಂದು ಬೈಯುತ್ತೀರಿ, ಗೊತ್ತು. ಮನೆಯೊಳಗೆ ಆಡಲು ಬಿಟ್ಟಿದ್ದರೆ ನಾನು ಬೀದಿಗೆ ಯಾಕೆ ಬರುತ್ತಿದ್ದೆ?

ಓದುಗರಿಗೂ ತಿಳಿಯಲಿ ಎಂದು ಹೇಳುತ್ತೇನೆ. ನಮ್ಮದು ಹೊಲಿಗೆ ಕಾರ್ಖಾನೆ. ಹಳೆಯ ಮಾಲೀಕ ಸಂಬಳ ಕೊಡದೆ ಬೀಗ ಹಾಕಿ ಹೋದಾಗ ಆ ಬೀಗ ಒಡೆದು ಯಂತ್ರಗಳನ್ನು ಮತ್ತೆ ಓಡಿಸಿದವರು ನಾವೇ. ಈಗ ಅದನ್ನು ಪಕ್ಷದ ಸಹಕಾರ ಸಂಘ ನಡೆಸುತ್ತದೆ. ಅಕ್ಕ ಬಟ್ಟೆ ಕತ್ತರಿಸುವ ಮೇಜಿನ ಮುಖ್ಯಸ್ಥೆ, ನಾನು ಇಸ್ತ್ರಿ ವಿಭಾಗದವನು. ಕೆಲಸ ಮುಗಿದ ಮೇಲೆ ವಾರಕ್ಕೊಮ್ಮೆ ಕತ್ತರಿ ಮೇಜಿನ ಸುತ್ತ ನಮ್ಮ ಅಧ್ಯಯನ ಕೂಟ ಸೇರುತ್ತದೆ. ಅಲ್ಲಿ ಹಳೆಯ ಪದ್ಧತಿಯೊಂದಿದೆ. ಯಾವ ನಿರ್ಣಯ ಬಂದರೂ ಕೂಟದ ಒಬ್ಬರು ಅದಕ್ಕೆ ಎದುರಾಗಿ ವಾದಿಸಲೇಬೇಕು. ನಂಬಿಕೆ ಇರಲಿ, ಬಿಡಲಿ, ಕೂತ ಸಾಲಿನಲ್ಲಿ ಸರದಿ ಬಂದವರು ಎದ್ದು ನಿಲ್ಲಬೇಕು. ಇದಕ್ಕೆ ನಾವು ಎದುರು ಪಾಳಿ ಎನ್ನುತ್ತೇವೆ.

ಇದು ಯಾರೋ ತಮಾಷೆಗೆ ಹುಟ್ಟಿಸಿದ್ದಲ್ಲ. ನಮ್ಮ ಅಪ್ಪನ ಕಾಲದಲ್ಲಿ ಒಂದು ಮುಷ್ಕರ ನಡೆಯಿತು. ಗೋದಾಮಿನಲ್ಲಿ ಮಾಲು ತುಂಬಿ ತುಳುಕುತ್ತಿದ್ದಾಗ, ಅಂದರೆ ಮಾಲೀಕನಿಗೆ ನಮ್ಮ ಕೈಗಳೇ ಬೇಡವಾಗಿದ್ದಾಗ, ಕೆಲಸ ನಿಲ್ಲಿಸಬೇಕೆಂಬ ನಿರ್ಣಯ ಚಪ್ಪಾಳೆಯೊಂದಿಗೆ ಸರ್ವಾನುಮತದಿಂದ ಪಾಸಾಯಿತು. ಮಾಲೀಕ ಹಾಯಾಗಿ ಕಾದ. ಮುಷ್ಕರ ಮುರಿಯಿತು, ಎಷ್ಟೋ ಜನ ಕೆಲಸ ಕಳೆದುಕೊಂಡರು, ಅಪ್ಪನ ಬಲಗೈ ಲಾಠಿಗೆ ಸಿಕ್ಕಿ ಮತ್ತೆಂದೂ ಕತ್ತರಿ ಹಿಡಿಯಲಿಲ್ಲ. "ಹೀಗಾಗತ್ತೆ ಅಂತ ನಂಗೆ ಅವತ್ತೇ ಅನ್ನಿಸಿತ್ತು" ಎಂದು ಅಪ್ಪ ಹಾಸಿಗೆಯಲ್ಲಿ ಮಲಗಿಕೊಂಡು ಹೇಳಿದರಂತೆ. ಅಮ್ಮ ಬಿಡಲಿಲ್ಲ. "ಅನ್ನಿಸಿದ್ರೆ ಬಾಯಿ ಬಿಡೋಕೆ ಏನಾಗಿತ್ತು ನಿಮಗೆ?" ಎಂದು ಕೇಳಿದಳು. ಆಮೇಲೆ ವಿಚಾರಿಸಿದರೆ ಅರ್ಧಕ್ಕರ್ಧ ಜನಕ್ಕೆ ಅವತ್ತೇ ಅನ್ನಿಸಿತ್ತು. ಒಬ್ಬನೇ ಎದ್ದು ಬೇಡ ಎಂದರೆ ಹೇಡಿ ಅಂದುಕೊಂಡಾರು ಎಂದು ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಬೇಡ ಎನ್ನುವುದನ್ನು ಧೈರ್ಯಕ್ಕೆ ಬಿಡದೆ ಪಾಳಿಗೆ ಹಚ್ಚಿದ್ದು ಆ ಸೋಲಿನ ನಂತರ. ಚಳವಳಿಯ ಚರಿತ್ರೆಯ ಬಗ್ಗೆ ತಾವು ಬರೆದ ದಪ್ಪ ಪುಸ್ತಕದಲ್ಲಿ ಆ ಮುಷ್ಕರ 'ವೀರೋಚಿತ ಅಧ್ಯಾಯ' ಎಂದಿದೆ. ಪಾಳಿಯ ಮಾತೇ ಇಲ್ಲ. ವೀರರ ಕೈ ಮುರಿದಿದ್ದನ್ನು ಬರೆಯುವವರಿಗೆ, ಆ ಕೈಯವರು ಏನು ಕಲಿತರು ಎಂದು ಬರೆಯಲು ಮಸಿ ಸಾಲಲಿಲ್ಲವೇ?

ಈಗ ಅಕ್ಕನ ವಿಷಯ. 'ಕಾರ್ಖಾನೆ ನಮ್ಮದೇ ಆಗಿರುವುದರಿಂದ ಇನ್ನು ಮುಂದೆ ಇಲ್ಲಿ ಮುಷ್ಕರವಿಲ್ಲ' ಎಂಬ ನಿರ್ಣಯ ಕೂಟಕ್ಕೆ ಬಂತು. ಬರೆದವಳು ಯಾರು ಗೊತ್ತೇ? ಅಕ್ಕನೇ. ತನ್ನ ಮೇಲೆ ತಾನೇ ಮುಷ್ಕರ ಹೂಡುವವರುಂಟೇ ಎಂದು ವಾರಗಟ್ಟಲೆ ನನ್ನ ತಲೆ ತಿಂದಿದ್ದಳು. ಅವತ್ತು ಸಾಲು ಎಣಿಸಿದರೆ ಎದುರು ಪಾಳಿ ಬಂದು ನಿಂತಿದ್ದು ಅವಳ ಮೇಲೇ.

"ಅಯ್ಯೋ, ನಾನೇ ಬರೆದಿದ್ದು ಕಣ್ರೇ. ಇವತ್ತೊಂದಿನ ಬೇರೆಯವರು ನಿಂತ್ಕೊಳ್ಲಿ" ಎಂದಳು.

ಗುಂಡಿ ಹಚ್ಚುವ ವಿಭಾಗದ ಹಿರಿಯಳು, ನಾವೆಲ್ಲ ಗುಂಡಿಯಕ್ಕ ಎನ್ನುವವಳು, ಹೊಟ್ಟೆ ಹಿಡಿದು ನಕ್ಕಳು. "ಪಾಳಿ ಅಂದ್ಮೇಲೆ ಪಾಳಿ. ನಿನ್ನ ಹೊಲಿಗೆ ನೀನೇ ಬಿಚ್ಚಮ್ಮ, ನೋಡೋಣ."

ಅಕ್ಕ ಎದ್ದಳು. ಮೊದಲು ನಗುನಗುತ್ತಲೇ ಮಾತಾಡಿದಳು. ಆಮೇಲೆ ಇಸ್ತ್ರಿ ವಿಭಾಗದ ಕಿಟಕಿಗಳಿಗೆ ಬಂದಳು. ಬಟ್ಟೆ ಕಳುವಾಗದಿರಲಿ ಎಂದು ಹಳೆಯ ಮಾಲೀಕ ಆ ಕಿಟಕಿಗಳಿಗೆ ಮೊಳೆ ಹೊಡೆಸಿದ್ದ. ಒಳಗೆ ಹಬೆ ತುಂಬಿ ಉಸಿರು ಕಟ್ಟುತ್ತದೆ, ಬೇಸಿಗೆಯಲ್ಲಿ ನನ್ನ ಪಕ್ಕದ ಮೇಜಿನವನು ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡೇ ಕುಸಿದು ಬಿದ್ದಿದ್ದ. ಮೊಳೆ ಕೀಳಿಸಿ ಎಂದು ವ್ಯವಸ್ಥಾಪಕರನ್ನು ಕೇಳಿದೆವು. ಅವರು ಸಂಘದ ಸಮಿತಿಯನ್ನು ಕೇಳಿ ಎಂದರು. ಸಮಿತಿ ವ್ಯವಸ್ಥಾಪಕರನ್ನು ಕೇಳಿ ಎಂದಿತು. "ನಮ್ಮದೇ ಕಾರ್ಖಾನೆ ಅಂತೀವಲ್ಲ, ನಮ್ಮ ಮನೆ ಕಿಟಕಿ ತೆಗೆಯೋಕೆ ನಾವು ಯಾರನ್ನಾದ್ರೂ ಕೇಳ್ತೀವಾ?" ಎಂದಳು ಅಕ್ಕ. "ಕೇಳ್ಬೇಕಾಗಿದೆ ಅಂದ್ರೆ ಇನ್ನೂ ಪೂರ್ತಿ ನಮ್ಮದಾಗಿಲ್ಲ. ಕೇಳೋ ಸ್ಥಿತಿ ಇರೋವರೆಗೆ, ಆಗಲ್ಲ ಅಂತ ಕೈ ಕಟ್ಟಿ ಕೂರೋ ಹಕ್ಕೂ ಇರ್ಬೇಕು. ಅದನ್ನ ಬಿಟ್ಕೊಟ್ರೆ ನಮ್ಮ ಹತ್ರ ಉಳಿಯೋದೇನು?" ಅಷ್ಟು ಹೇಳಿ ಅವಳು ಕೂತಳು. ಯಾರೂ ನಗಲಿಲ್ಲ. ಕೈ ಎತ್ತಿಸಿದಾಗ ನಿರ್ಣಯ ಬಿದ್ದುಹೋಯಿತು.

ಶಿಸ್ತು ಸಮಿತಿ ಕಳಿಸಿದ ತಮ್ಮ ವೀಕ್ಷಕರು ಅವತ್ತೇ ಬರಬೇಕೆ! ಪಾಳಿ ಹಂಚಿದ್ದು ಮುಗಿದ ಮೇಲೆ ಬಂದರು, ಹಿಂದಿನ ಬೆಂಚಿನಲ್ಲಿ ಕೂತು ಚಹಾ ಕುಡಿದರು, ಬರೆದುಕೊಂಡರು, ಹೋದರು. ಯಾರನ್ನೂ ಏನನ್ನೂ ಕೇಳಲಿಲ್ಲ. ಅವರ ವರದಿಯ ಪ್ರಕಾರ ನನ್ನ ಅಕ್ಕ 'ಗುಂಪುಗಾರಿಕೆಯ ಸೂತ್ರಧಾರಿಣಿ', 'ವರ್ಗಶತ್ರುಗಳ ಧ್ವನಿವರ್ಧಕ'. ಮಾನ್ಯರೇ, ಪಕ್ಷದ ಶಾಲೆಯಲ್ಲಿ ನಮಗೆ ಮೊದಲ ಪಾಠ ಮಾಡಿದವರು ತಾವೇ. ವೈರುಧ್ಯವಿಲ್ಲದೆ ಚಲನೆಯಿಲ್ಲ, ಪ್ರತಿಯೊಂದೂ ತನ್ನ ವಿರುದ್ಧವನ್ನು ಒಡಲಲ್ಲಿಟ್ಟುಕೊಂಡೇ ಬೆಳೆಯುತ್ತದೆ ಎಂದು ಕರಿಹಲಗೆ ತುಂಬ ಬರೆದಿರಿ. ನಾವು ಬಾಯಿಪಾಠ ಮಾಡಿದೆವು. ಪ್ರಕೃತಿಯಲ್ಲಿ ವೈರುಧ್ಯ ಇರಬಹುದು, ಊಳಿಗಮಾನ್ಯ ಪದ್ಧತಿಯಲ್ಲಿ ಇರಬಹುದು, ಬಂಡವಾಳದಲ್ಲಂತೂ ಧಾರಾಳವಾಗಿ ಇರಬಹುದು. ನಮ್ಮ ಕತ್ತರಿ ಮೇಜಿನ ಬಳಿ ಬಂದ ಕೂಡಲೇ ಅದು ಶಿಸ್ತುಭಂಗವಾಗುವುದು ಯಾವ ತತ್ವಶಾಸ್ತ್ರದ ಪ್ರಕಾರ? ಇತಿಹಾಸದ ಚಕ್ರ ನಮ್ಮ ಗೇಟಿನ ಹತ್ತಿರ ಬಂದು ನಿಂತುಬಿಟ್ಟಿತೇ?

ಎದುರು ಪಾಳಿಯ ವಿಚಾರ ಆಮೇಲೆ ತಮಗೆ ತಿಳಿಯಿತು. ಆಗ ತಾವು ದೊಡ್ಡ ಮನಸ್ಸು ಮಾಡಿದಿರಿ. ತಾನು ಆಡಿದ್ದು ಬರೀ ಪಾಳಿಯ ಮಾತು, ಅದರಲ್ಲಿ ತನಗೆ ನಂಬಿಕೆಯಿಲ್ಲ ಎಂದು ಅವಳು ಸಭೆಯಲ್ಲಿ ಹೇಳಿದರೆ ಸಾಕು, ವಿಷಯ ಕೈಬಿಡುತ್ತೇವೆ ಎಂದು ಹೇಳಿ ಕಳಿಸಿದಿರಿ. ನಾನು ಖುಷಿಯಿಂದ ಓಡಿ ಹೋಗಿ ಹೇಳಿದೆ. ಅಕ್ಕ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಒಂದು ಮಾತು ಅಕ್ಕಾ. ನಾಟಕ ಆಡಿದೆ ಅಂದ್ಬಿಡು, ಮುಗೀತು."

"ಶುರು ಮಾಡಿದಾಗ ನಾಟಕವೇ ಕಣೋ" ಎಂದಳು. "ಅರ್ಧಕ್ಕೆ ಬರೋ ಹೊತ್ತಿಗೆ ನನ್ನ ಮಾತು ನಂಗೇ ಕೇಳಿಸ್ತು. ಈಗೇನ್ಮಾಡ್ಲಿ? ಕೇಳಿಸ್ಲಿಲ್ಲ ಅಂತ ಹೇಳ್ಲಾ?"

"ಮತ್ತೆ ಹೊರಗೆ ಹಾಕಿದ್ರೆ?"

ಅವಳು ಮೊರ ಕೆಳಗಿಟ್ಟಳು. "ಪಕ್ಷ ಬಿಟ್ಟು ಬದುಕೋದು ಹೇಗೆ ಅಂತ ನಂಗೆ ಗೊತ್ತಿಲ್ಲ ಕಣೋ. ನಿಜವಾಗ್ಲೂ ಗೊತ್ತಿಲ್ಲ." ಅಕ್ಕನ ದನಿ ಹಾಗೆ ನಡುಗಿದ್ದನ್ನು ನಾನು ಅಪ್ಪ ತೀರಿಕೊಂಡಾಗಲೂ ಕೇಳಿರಲಿಲ್ಲ. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಈಗ ಅವಳನ್ನು ಕತ್ತರಿ ಮೇಜಿನಿಂದ ತೆಗೆದು, ಮೂಲೆಯಲ್ಲಿ ಸಿದ್ಧ ಬಟ್ಟೆಯ ನೂಲಿನ ತುದಿ ಕತ್ತರಿಸಲು ಕೂರಿಸಿದ್ದಾರೆ. ಶಿಕ್ಷೆ ಅಲ್ಲವಂತೆ, 'ತಾತ್ಕಾಲಿಕ ಹೊಂದಾಣಿಕೆ'ಯಂತೆ. ಊಟದ ಹೊತ್ತಿಗೆ ಅವಳ ಪಕ್ಕ ಗುಂಡಿಯಕ್ಕನೊಬ್ಬಳೇ ಡಬ್ಬಿ ಬಿಚ್ಚುತ್ತಾಳೆ. ನಿರ್ಣಯದ ವಿರುದ್ಧ ಕೈ ಎತ್ತಿದ ಮಿಕ್ಕವರಿಗೆಲ್ಲ ಈಗ ತಮ್ಮ ತಮ್ಮ ಡಬ್ಬಿಯೊಳಗೇ ಬಹಳ ನೋಡುವುದಿರುತ್ತದೆ. ಅವರನ್ನು ಬೈಯಲಾರೆ, ಅವರಿಗೂ ಮನೆಮಠ ಇದೆ. ಆದರೆ ಅಪ್ಪನ ಕಾಲದ ಆ ಚಪ್ಪಾಳೆ ಮತ್ತೆ ತಯಾರಾಗುತ್ತಿರುವುದು ನನಗೆ ಕಾಣುತ್ತಿದೆ, ಅದು ಕಂಡಾಗ ಹೆದರಿಕೆಯಾಗುತ್ತದೆ.

ಈ ಪತ್ರವನ್ನು ಅಕ್ಕನಿಗೆ ಓದಿ ತೋರಿಸಿದೆ. ಮೆಚ್ಚುತ್ತಾಳೆ ಅಂದುಕೊಂಡಿದ್ದೆ, ಮುಖ ಸಿಂಡರಿಸಿದಳು. "ಸಮಿತಿ ಕಡೆ ಮಾತು ಎಲ್ಲೋ? ಅವರೇನು ಮೂರ್ಖರಾ?" ಎಂದು ಗದರಿ, ತಾನೇ ಸಮಿತಿಯ ಪರವಾಗಿ ವಾದ ಹೂಡಿದಳು. ಸುತ್ತಲಿನ ಕಾರ್ಖಾನೆಗಳ ಮಾಲೀಕರು ನಮ್ಮದು ಯಾವಾಗ ಮುಚ್ಚುತ್ತದೆ ಎಂದು ಕಾಯುತ್ತಿದ್ದಾರೆ, ನಮ್ಮಲ್ಲೇ ಮುಷ್ಕರವಾದರೆ 'ಕೆಲಸಗಾರರ ಕೈಗೆ ಕೊಟ್ಟರೆ ಹೀಗೇ' ಎಂದು ಜಗತ್ತಿಗೆಲ್ಲ ಸಾರುತ್ತಾರೆ, ಮುತ್ತಿಗೆಗೆ ಸಿಕ್ಕ ಕೋಟೆಯೊಳಗೆ ದಿನಬೆಳಗಾದರೆ ವಾದ ಮಾಡುತ್ತ ಕೂರಲಾಗದು, ಆ ಭಯ ಸುಳ್ಳಲ್ಲ ಎಂದಳು. ನಿಜ ಹೇಳಬೇಕೆಂದರೆ, ತಮ್ಮ ಪರವಾಗಿ ಇಷ್ಟು ಚೆನ್ನಾಗಿ ತಾವೂ ಮಾತಾಡಿದ್ದನ್ನು ನಾನು ಕೇಳಿಲ್ಲ. ನನ್ನ ಬಳಿ ಅದಕ್ಕೆ ಪೂರ್ತಿ ಉತ್ತರವೂ ಇಲ್ಲ. ಇಂಥವಳನ್ನು ಹೊರಹಾಕಿ ಯಾರನ್ನು ಒಳಗಿಟ್ಟುಕೊಳ್ಳುತ್ತೀರಿ?

ಆದ್ದರಿಂದ ಒಂದೇ ಬೇಡಿಕೆ. ಕ್ಷಮೆ ಬೇಡ, ರಿಯಾಯಿತಿ ಬೇಡ. ಭಾನುವಾರ ಕೈ ಎತ್ತಿಸುವ ಮುನ್ನ, ಅಕ್ಕ ಅವತ್ತು ಏನು ಹೇಳಿದಳು ಎಂಬುದನ್ನು ತಾವೇ ಎದ್ದು ನಿಂತು ಸಭೆಗೆ ಹೇಳಬೇಕು. ವರದಿ ಓದಕೂಡದು. ತಮ್ಮ ಮಾತಿನಲ್ಲಿ, ಅವಳು ಎದುರಿಗೆ ಕೂತಿರುವಾಗ, "ಹೌದು, ನಾನು ಹೇಳಿದ್ದು ಇದೇ" ಎಂದು ಅವಳು ಒಪ್ಪುವ ತನಕ ಹೇಳಬೇಕು. ಅದಾದ ಮೇಲೆ ಬೇಕಾದರೆ ಮತಕ್ಕೆ ಹಾಕಿ. ಇದು ಅವಳ ಬೇಡಿಕೆಯೂ ಹೌದು. "ಅಷ್ಟು ಹೇಳಿದ ಮೇಲೂ ಬೇಡ ಅಂದ್ರೆ ನಾನೇ ಎದ್ದು ಹೋಗ್ತೀನಿ, ಯಾರೂ ಕೈ ಹಿಡಿದು ಎಳೀಬೇಕಾಗಿಲ್ಲ" ಎಂದಿದ್ದಾಳೆ. ಆಮೇಲೆ, "ನಾನು ಹೇಳಿದ್ದು ಅವರಿಗೆ ಹೇಳೋಕೇ ಬರ್ಲಿಲ್ಲ ಅಂದ್ರೆ, ಇಷ್ಟು ವರ್ಷ ನಾನು ಯಾರ ಜೊತೆ ಮಾತಾಡ್ತಿದ್ದೆ?" ಎಂದು ಕೇಳಿದಳು. ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ಉತ್ತರ ತಮ್ಮಲ್ಲಿದ್ದರೆ ಭಾನುವಾರ ತನ್ನಿ.

ಇಂತಿ,
ಈ ಪತ್ರ ಅಚ್ಚಾಗುವ ತನಕವಾದರೂ ತಮ್ಮ ಪಕ್ಷದ ಸದಸ್ಯನಾಗಿರುವ,
ಇಸ್ತ್ರಿ ವಿಭಾಗದ ಒಬ್ಬ ತಮ್ಮ