ದನಿಗಳು ನಿಂತ ಮೇಲೆ

ಬೇವೂರು
೧೪ ಅಕ್ಟೋಬರ್ ೨೦೨೫

ಪ್ರೀತಿಯ ಅತ್ತೀ,

ನಿಮ್ಮ ಮೊಣಕಾಲು ಹೇಗಿದೆ? ನಾದಿನಿ ಹೇಮಾವತಿಯ ಬಾಣಂತನದಲ್ಲಿ ನೀರು ಹೊತ್ತು ಹೊತ್ತು ನೋವು ಹೆಚ್ಚು ಮಾಡಿಕೊಂಡಿಲ್ಲ ತಾನೇ? ಕೂಸು ಹಾಲು ಕುಡಿಯುತ್ತಿದೆಯೇ? ಫೋನಿನಲ್ಲಿ ಮಾತಾಡಿದರೆ ಇವರ ಕಿವಿಗೆ ಬೀಳುತ್ತದೆ. ಅದಕ್ಕೇ ಗಂಗಾವತಿಗೆ ಹೊರಟ ವಿರುಪಣ್ಣನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಹೇಮಾವತಿ ಓದಿ ಹೇಳಲಿ.

ಡಾಕ್ಟರು ಸ್ಕಿಜೋಫ್ರೇನಿಯಾ ಎಂದ ಆ ಕಾಯಿಲೆಯಲ್ಲಿ, ಯಾರೋ ಬೈಯುವ ದನಿ ಕೇಳಿಸಿ ನಿಮ್ಮ ಮಗ ಬಾಗಿಲು ಹಾಕಿಕೊಂಡು ಕೂರುತ್ತಿದ್ದರಲ್ಲ, ಗುಳಿಗೆ ಶುರುವಾದ ಮೇಲೆ ಅದು ನಿಂತಿತು. ‘ಈಗ ಸುಮ್ನ ಅದಾನ, ಅಷ್ಟ ಸಾಕು’ ಎಂದು ನೀವೂ ಹೊರಡುವಾಗ ಅಂದಿರಿ. ಆದರೆ ನೀವು ಹೋದ ಮೇಲೆ ಆ ಮೌನ ಬೇರೆಯೇ ಆಯಿತು. ರೊಟ್ಟಿ ಮುರಿದು ಹಾಗೇ ಇಡುತ್ತಾರೆ. ನಸುಕಿಗೇ ಎದ್ದು ಗೋಡೆ ನೋಡುತ್ತ ಕೂರುತ್ತಾರೆ. ಮಾವ, ‘ಗುಳಿಗಿ ಮಂಪರದು, ಬಿಡಿಸಿಬಿಡು’ ಅಂದರು. ಹೋದ ವಾರ, ಮಗನಂತೆ ಬೆಳೆಸಿದ ಟಗರನ್ನು ಇವರು ಪಕ್ಕದ ಮನೆಯ ಸಣ್ಣಪ್ಪನ ಅಂಗಳದಲ್ಲಿ ಕಟ್ಟಿ ಬಂದರು. ‘ಇನ್ನ ನೀನ ನೋಡ್ಕೊ’ ಅಂದರಂತೆ. ಕೇಳಿದವಳೇ ಇವರ ಪಕ್ಕ ಹೋಗಿ ಕೂತೆ. ‘ದನಿ ಮತ್ತ ಕೇಳ್ತಾವೇನ್ರಿ?’ ಅಂದೆ. ‘ಇಲ್ಲ, ಅವು ಹೋಗ್ಯಾವ. ಒಳಗ ಏನೂ ಉಳಿದಿಲ್ಲ’ ಅಂದರು.

ಮರುದಿನ ಮೊದಲ ಬಸ್ಸಿಗೇ ಕೊಪ್ಪಳಕ್ಕೆ ಕರೆದೊಯ್ದೆ. ದಾರಿಯುದ್ದಕ್ಕೂ ಅವರ ಅಂಗಿಯ ಚುಂಗು ಹಿಡಿದೇ ಕೂತಿದ್ದೆ. ಡಾಕ್ಟರಮ್ಮ ತಾಳ್ಮೆಯಿಂದ ಎಲ್ಲ ಕೇಳಿ, ‘ಇದು ಆಲಸಿತನ ಅಲ್ರಿ, ಬರೇ ಮಂಪರೂ ಅಲ್ಲ. ಆ ಬ್ಯಾನಿ ಇದ್ದವರಿಗೆ ಖಿನ್ನತಿನೂ ಬರ್ತೈತಿ. ಅದಕ್ಕ ಔಷಧ ಐತಿ. ನಿಮ್ಮಷ್ಟಕ್ಕ ನೀವ ಹಳೇ ಗುಳಿಗಿ ಬಿಡಿಸಬ್ಯಾಡ್ರಿ’ ಅಂದರು. ಹಳೆಯ ಗುಳಿಗೆಯಿಂದ ಇವರ ಕೈ ಬಿಗಿದಿದ್ದು ನೋಡಿ ಅದನ್ನು ತುಸು ಇಳಿಸಿ, ಹೊಸದೊಂದು ಸೇರಿಸಿದರು. ಗುಣ ಕಾಣಲು ಕೆಲವು ವಾರ ಬೇಕಂತೆ. ಅಲ್ಲಿಯವರೆಗೆ ಒಬ್ಬರನ್ನೇ ಬಿಡಬಾರದಂತೆ; ಹೆಚ್ಚಾದರೆ ತಕ್ಷಣ ಕರೆತಂದು ಆಸ್ಪತ್ರೆಗೆ ಸೇರಿಸಬೇಕಂತೆ. ಇವತ್ತು ಅರ್ಧ ಲೋಟ ಮಜ್ಜಿಗೆ ಕುಡಿದಿದ್ದಾರೆ.

ಹೇಮಾವತಿ ಮೈ ಬೆಚ್ಚಗಿಟ್ಟುಕೊಳ್ಳಲಿ. ಕೂಸಿನ ಕೆನ್ನೆಗೆ ನನ್ನದೊಂದು ಮುತ್ತು, ನಿಮ್ಮ ಪಾದಕ್ಕೆ ನನ್ನ ಹಣೆ.

ನಿಮ್ಮ ಸೊಸೆ,
ಶರಣಬಸಮ್ಮ

ತಾ.ಕ.: ವಿರುಪಣ್ಣನ ಬಸ್ಸಿನ ಹೊತ್ತಾಯಿತು, ಆದರೂ ಇದನ್ನು ಬರೆಯದೆ ಇರಲಾರೆ. ‘ಸಾಯಬೇಕು ಅನಸ್ತೈತೇನು, ಮಾಂತೇಶ?’ ಎಂದು ಡಾಕ್ಟರಮ್ಮ ನೇರವಾಗಿ ಕೇಳಿದಾಗ ಇವರು ಹೌದೆಂದು ತಲೆಯಾಡಿಸಿದರು. ಹೊರಗೆ ಬಂದು, ‘ಅವ್ವಗ ಹೇಳಬ್ಯಾಡ’ ಅಂದರು. ನಾನು ಮಾತು ಕೊಟ್ಟೆ. ಈಗ ಮುರಿಯುತ್ತಿದ್ದೇನೆ. ಮಾವ ಕುರಿಯ ಹಿಂದೆ ಹೋಗುತ್ತಾರೆ, ನಾನೊಬ್ಬಳೇ ಕಣ್ಣು ಮುಚ್ಚದೆ ಎಷ್ಟು ಕಾಯಲಿ? ನಾಳೆಯೇ ಬನ್ನಿ ಅತ್ತೀ. ಬಂದು ಅಳಬೇಡಿ, ಧೈರ್ಯ ತಂದುಕೋ ಎಂದೂ ಅನ್ನಬೇಡಿ. ಅವರ ಪಕ್ಕ ಕುಳಿತುಕೊಳ್ಳಿ.