ಒಂದು ಸೂಜಿ ಕಡಿಮೆ

ರಾಣೆಬೆನ್ನೂರು,
ಫೆಬ್ರವರಿ ೩೦, ೨೧೯೪

ಮುತ್ತಜ್ಜಿಯ ಅಜ್ಜಿ ಪಾರ್ವತೆವ್ವನವರಿಗೆ, ಮೊಮ್ಮಕ್ಕಳ ಸಾಲಿನ ತುದಿಯಲ್ಲಿ ನಿಂತಿರುವ ಬಸಲಿಂಗನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಪಾಪ, ಅದೊಂದೇ ತಿಂಗಳು ಬಡವಾಗಿತ್ತು. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಶಾಲೆಗೆ ಹೋಗಿದ್ದೇ ಸ್ವಲ್ಪ, ಅದರಲ್ಲೂ ಬಾಗಿಲ ಹೊರಗೆ ನಿಂತಿದ್ದೇ ಹೆಚ್ಚು.

ನೀವು ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಕ್ಯುಪಂಕ್ಚರ್ ಮಾಡುತ್ತಿದ್ದಿರಿ, ಯಾರಾದರೂ ಲೈಸೆನ್ಸ್ ಅಂದರೆ ಸಿಡಿಯುತ್ತಿದ್ದಿರಿ ಎಂದು ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಾನೂ ಸೂಜಿಯವನೇ. ಈಗ ಲೈಸೆನ್ಸ್ ಮುಂದುವರಿಯಬೇಕಾದರೆ ‘ಮೈಪರೀಕ್ಷೆ’ ಆಗಬೇಕು. ಅಂದರೆ ಮಂಡಳಿಯ ಪರೀಕ್ಷಕರು ತಮ್ಮದೇ ನೋವು ಹೊತ್ತು ಬಂದು ನಮ್ಮ ಮಂಚದ ಮೇಲೆ ಮಲಗುತ್ತಾರೆ. ಅವರಿಗೆ ಚುಚ್ಚುವ ಮುಂಚೆ ನಮ್ಮ ಕೈಗೆ ನಾವೇ ಒಂದು ಸೂಜಿ ಚುಚ್ಚಿಕೊಂಡು ನೋಡಬೇಕು. ಅದಕ್ಕೆ ‘ಮುಂಚುಚ್ಚು’ ಅನ್ನುತ್ತೇವೆ. ಕೊನೆಗೆ ಎಲ್ಲ ಸೂಜಿಯೂ ತಟ್ಟೆಗೆ ವಾಪಸ್ ಬರಬೇಕು. ತಟ್ಟೆ ತಾನೇ ತೂಗಿ ನೋಡುತ್ತದೆ. ಒಂದು ಕಡಿಮೆಯಾದರೂ ಹಸಿರು ದೀಪ ಹತ್ತುವುದಿಲ್ಲ, ಲೈಸೆನ್ಸೂ ಉಳಿಯುವುದಿಲ್ಲ.

ಹೋದ ತಿಂಗಳು ನನ್ನ ಸರದಿ. ಬಂದವರು ಕಮಲಾಕ್ಷಿಬಾಯಿ, ಸೊಂಟ ನೋವಿನವರು, ಮುಖದಲ್ಲಿ ನಗುವಿನ ಗುರುತಿಲ್ಲ. ನನಗೋ ಸುಮ್ಮನಿದ್ದರೆ ಬಾಯಿ ತುರಿಸುತ್ತದೆ. ಮುಂಚುಚ್ಚು ಮಾಡಿಕೊಳ್ಳುತ್ತಲೇ, ನಮ್ಮ ಬೀಗರ ಹಾರುವ ಸ್ಕೂಟರು ಎಮ್ಮೆ ಕೊಟ್ಟಿಗೆಯೊಳಗೆ ಇಳಿದ ಕಥೆ ಶುರು ಮಾಡಿದೆ. ಎಮ್ಮೆ ಸ್ಕೂಟರಿನ ಕನ್ನಡಿ ನೆಕ್ಕಿದ ಜಾಗಕ್ಕೆ ಬರುವಷ್ಟರಲ್ಲಿ ಆಕೆಯ ಬೆನ್ನು ಕುಲುಕತೊಡಗಿತು, ಅದರಲ್ಲಿ ಚುಚ್ಚಿದ್ದ ಸೂಜಿಗಳು ಗಾಳಿಗೆ ಸಿಕ್ಕ ಜೋಳದ ತೆನೆಯಂತೆ ತೂಗಿದವು.

ಎಲ್ಲ ತೆಗೆದು ತಟ್ಟೆಗೆ ಹಾಕಿದರೆ ದೀಪ ಹತ್ತಲಿಲ್ಲ. ನನ್ನ ಹೆಂಡತಿ ಗಿರಿಜವ್ವ ಹಾಸಿಗೆಯ ಅಂಚು ಜಾಡಿಸಿದಳು, ನಾನು ಮಂಚದ ಕೆಳಗೆ ತೂರಿದೆ. ಸೂಜಿ ಮುರಿದು ಆಕೆಯ ಮೈಯಲ್ಲೇ ಉಳಿದಿದ್ದರೆ ಎಂದು ಎದ್ದು ಆಕೆಯ ಬೆನ್ನನ್ನೂ ಸವರಿ ನೋಡಿದೆ. ಈ ಕೆಲಸ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ಅಷ್ಟರಲ್ಲಿ ಗಿರಿಜವ್ವ ನನ್ನ ಎಡಗೈ ಹಿಡಿದು ಮೇಲೆತ್ತಿದಳು.

“ಇಲ್ಲೈತಿ ನೋಡ್ರಿ. ಮನಿಯೆಲ್ಲಾ ಹುಡುಕ್ಸಿದ್ರಿ.”

ಕಥೆಯ ಭರದಲ್ಲಿ ಮುಂಚುಚ್ಚನ್ನು ತೆಗೆಯುವುದೇ ಮರೆತಿದ್ದೆ. ಅದನ್ನು ಕಿತ್ತು ತಟ್ಟೆಗೆ ಹಾಕಿದ್ದೇ ತಡ, ದೀಪ ಹಸಿರಾಯಿತು. ಕಮಲಾಕ್ಷಿಬಾಯಿ ಸೊಂಟ ಹಿಡಿಯದೆ ಎದ್ದು ಕೂತರು.

“ಕೈ ಹಗುರ ಐತಿ ಬಸಲಿಂಗಪ್ಪಾರ, ಲೈಸೆನ್ಸ್ ಕೊಡ್ತೀನಿ. ಆದ್ರ ಸೂಜಿ ಮೈಯಾಗಿದ್ದಾಗ ಕಥಿ ಹೇಳಂಗಿಲ್ಲ. ಈಗ ಎಲ್ಲಾ ಹೊರಗ ಬಂದಾವು. ಎಮ್ಮಿ ಮುಂದ ಏನ್ ಮಾಡ್ತು?”

ಆ ಷರತ್ತು ಈಗ ನನ್ನ ಬೋರ್ಡಿನ ಮೇಲೇ ಇದೆ. ಬಂದವರು ಕೊನೆಯ ಸೂಜಿ ಹೊರಗೆ ಬರುವವರೆಗೂ ಅಲುಗಾಡದೆ ಕಾಯುತ್ತಾರೆ, ನೋವಿಗಿಂತ ಕಥೆಗೇ ಬರುವವರೂ ಇದ್ದಾರೆ. ನಾನು ಆರಾಮಾಗಿದ್ದೇನೆ.

ನಿಮ್ಮಲ್ಲಿ ಒಂದೇ ಕೇಳಿಕೆ. ಸರ್ಕಾರದವರು ಬಾಗಿಲು ತಟ್ಟಿದರೆ ಬೈದು ಕಳಿಸಬೇಡಿ. ಕೂರಿಸಿ ಚಹಾ ಕೊಡಿ, ಅವರ ಸೊಂಟದ ಕಷ್ಟ ಕೇಳಿ. ತಟ್ಟೆ ನೋಡಿಕೊಳ್ಳುವವರು ಇನ್ನೊಬ್ಬರು ಬೇಕು ಅಜ್ಜಿ, ನಮ್ಮ ವಂಶದವರಿಗಂತೂ ಬೇಕೇ ಬೇಕು.

ಈ ಕಾಗದ ಮಡಿಸುವ ಮುಂಚೆ ಎರಡೂ ಕೈ ತಿರುಗಿಸಿ ನೋಡಿಕೊಂಡೆ. ಸೂಜಿ ಇಲ್ಲ.